ಹಲ್ಲು ಕೀಳುವ ಮುಂಚಿನ ಆಲ್ಬಮ್

ಬ್ಯಾಂಡ್ ಮಾಸ್ಟರ್ ಮಾಲತೇಶಪ್ಪನ ಮುಂದಿನ ನಾಲ್ಕು ಹಲ್ಲು ಆ ಭಾನುವಾರ ಮಧ್ಯಾಹ್ನ ಮೂರಕ್ಕೆ ಹೋಗುವುದಿತ್ತು. ಹಲ್ಲು ಹೋದರೆ ಟ್ರಂಪೆಟ್ಟೂ ಹೋದಂತೆ. ಮೂವತ್ತು ವರ್ಷ ನ್ಯಾಮತಿಯ ಮದುವೆಗಳಲ್ಲಿ ಸಿನಿಮಾ ಹಾಡು ಊದಿದವನು, ತಾನೇ ಕಟ್ಟಿದ ಐದು ಟ್ಯೂನನ್ನು ಒಮ್ಮೆಯೂ ಪೂರ್ತಿ ನುಡಿಸಿರಲಿಲ್ಲ. ಎರಡನೇ ಸಾಲಿಗೇ ಯಾರಾದರೂ ಹಾವಿನ ಡ್ಯಾನ್ಸು ಬೇಕೆನ್ನುತ್ತಿದ್ದರು. ಆ ಐದನ್ನೂ ತುಂಬು ಬ್ಯಾಂಡಿನಲ್ಲಿ ರೆಕಾರ್ಡ್ ಮಾಡಿಸಿಯೇ ಡಾಕ್ಟರ ಮುಂದೆ ಬಾಯಿ ತೆರೆಯುತ್ತೇನೆಂದು ಹಟ ಹಿಡಿದಿದ್ದ.

ಮದುವೆ ವಿಡಿಯೋ ತೆಗೆಯುವ ವಿನಯ್ ಕುಮಾರ್ ಸಮುದಾಯ ಭವನದಲ್ಲಿ ಮೈಕು ನಿಲ್ಲಿಸಿದ. ಬ್ಯಾಂಡು ಶುರುವಾಯಿತು. ಎರಡನೇ ಸಾಲಿಗೆ ಎಲ್ಲರ ಕಾಲೂ ಹೊರಟವು. ಮೂರನೇ ಸಾಲಿಗೆ ಬ್ಯಾಂಡು ಬಾಗಿಲಾಚೆ ಇತ್ತು. ಮೈಕಿಗೆ ಸಿಕ್ಕಿದ್ದು ಫ್ಯಾನಿನ ಗೊರಗೊರ.

“ನಿಲ್ರೋ! ಎಲ್ಲಿಗೆ ಹೊಂಟ್ರಿ?”

“ನಿಂತು ಬಾರ್ಸಿ ರೂಢಿ ಇಲ್ಲ ಮಾಸ್ಟ್ರೇ,” ಎಂದ ಡ್ರಮ್ಮಿನ ರಂಗಣ್ಣ.

ಕುರ್ಚಿಯಲ್ಲಿ ಕೂರಿಸಿದರೆ ಮುಳ್ಳು ತುಳಿದ ಎಮ್ಮೆಯ ಹಾಗೆ ತಾಳ ಕುಂಟಿತು. ಗಂಟೆ ಹನ್ನೆರಡಾಯಿತು. ಭವನದ ಬೀಗ ತೆಗೆದುಕೊಟ್ಟ ಎದುರುಮನೆಯ ನಿರ್ಮಲಮ್ಮ ಬಾಗಿಲಲ್ಲೇ ನಿಂತಿದ್ದರು.

“ಕುಂತು ಬಾರ್ಸಾಕೆ ಅವರೇನು ಭಜನೆಯೋರೇನ್ರೀ? ರೋಡಿಗೆ ಕರ್ಕೊಂಡು ಹೋಗ್ರಿ.”

ಮೈಕನ್ನು ಲಗೇಜ್ ಆಟೋಕ್ಕೆ ಕಟ್ಟಿದರು. ಮದುವೆ ಮೆರವಣಿಗೆಯ ಜನರೇಟರ್ ಗಾಡಿಯಂತೆ ಅದು ಬ್ಯಾಂಡಿನ ಹಿಂದೆ ಬಂತು. ಮಾಸ್ಟರ್ ಎಲ್ಲರಿಗಿಂತ ಮುಂದೆ, ರಂಗಣ್ಣನ ಡ್ರಮ್ಮು ಕೊನೆಗೆ. ಮೂವತ್ತು ವರ್ಷದ ಪದ್ಧತಿ. ಬೀದಿಯ ಜನ ಅದಾಗಲೇ ಕುಣಿಯತೊಡಗಿದ್ದರು.

“ಹೆಣ್ಣು ಯಾವೂರಿಂದು?” ಮದುವೆ ದಿಬ್ಬಣವೆಂದುಕೊಂಡು ಕೇಳಿದ ಕುಣಿಯುತ್ತಿದ್ದವನೊಬ್ಬ.

“ಹೊನ್ನಾಳಿ ಕಡೇದಂತೆ,” ಎಂದರು ಆಟೋ ಪಕ್ಕ ನಡೆಯುತ್ತಿದ್ದ ನಿರ್ಮಲಮ್ಮ, ಗೊತ್ತಿಲ್ಲ ಎನ್ನುವ ಅಭ್ಯಾಸವಿಲ್ಲದೆ.

ಮಾಲತೇಶಪ್ಪ ಟ್ರಂಪೆಟ್ ಇಳಿಸಿ ಆಟೋದ ತನಕ ಓಡಿಬಂದ. “ಯಾವ ಹೆಣ್ಣೂ ಇಲ್ಲ ಕಣ್ರಯ್ಯಾ! ಬಾಯಿ ಮುಚ್ಕೊಂಡು ನಡೀರಿ!” ಹೀಗೆ ಮೂರು ಸಲ ಓಡಿಬಂದ, ಮೂರು ಸಲ ಬೈದ. ಐದನೇ ಟ್ಯೂನಿನ ಹೊತ್ತಿಗೆ ಯಾರೂ ತಡೆಯಲಿಲ್ಲ. ಒಸಡಿನಿಂದ ರಕ್ತ ಬಂದರೂ ಬಿಡದೆ ಊದಿದ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಊದಿರಲಿಲ್ಲ.

“ಒಂದ್ಸಲ ಕೇಳ್ಸಪ್ಪಾ,” ಎಂದ ಮಾಲತೇಶಪ್ಪ.

“ಮೂರಾಗಾಕೆ ಬಂತು, ಹೋಗ್ರಿ. ಸಂಜಿಗೆ ಕೇಳಿದ್ರಾತು,” ಎಂದ ವಿನಯ್.

ಸಂಜೆ ಬಾಯ್ತುಂಬ ಹತ್ತಿ ಇಟ್ಟುಕೊಂಡು ಮಾಲತೇಶಪ್ಪ ಕೂತ. ವಿನಯ್ ಸ್ಪೀಕರ್ ಹಾಕಿದ. ಡಬಡಬ ಡಬಡಬ. ಐದು ಟ್ಯೂನಿಗೂ ಡ್ರಮ್ಮೇ. ಟ್ರಂಪೆಟ್ಟು ಪಕ್ಕದ ಬೀದಿಯ ಸೊಳ್ಳೆಯಂತೆ ಎಲ್ಲೋ ಗುಂಯ್ ಎನ್ನುತ್ತಿತ್ತು. ಮಾಸ್ಟರ್ ಇದ್ದದ್ದು ಮೂರೇ ಕಡೆ, ಗಂಟೆ ಹೊಡೆದಷ್ಟು ಸ್ಪಷ್ಟವಾಗಿ: “ಬಾಯಿ ಮುಚ್ಕೊಂಡು ನಡೀರಿ!”

ರಂಗಣ್ಣನ ಕಣ್ಣು ತುಂಬಿ ಬಂದಿತ್ತು. “ನನ್ನ ಡ್ರಮ್ಮು ಏನು ಬಂದೈತೆ ಮಾಸ್ಟ್ರೇ! ಆಲ್ಬಮ್ ರಟ್ಟಿನ ಮ್ಯಾಲೆ ಯಾರ ಫೋಟೋ ಹಾಕ್ಸಾಣ?”

ಮಾಲತೇಶಪ್ಪ ಬೈಯಲು ಬಾಯಿ ತೆರೆದ. ಬರಿ ಗಾಳಿ ಬಂತು.