ಬೇಸ್‌ಲೆಸ್ ಅಲಿಗೇಶನ್ ಮತ್ತು ನಮ್ಮ ಬೆಕ್ಕು

ಇಂಗ್ಲಿಷ್ ಪದಗಳ ಸ್ನೇಹ ನೋಡಿದರೆ ನನಗೆ ಹೊಟ್ಟೆಕಿಚ್ಚು. ಭಾಲ್ಕಿಯಲ್ಲಿ ನಾನು ನಡೆಸುವ ಇಂಗ್ಲಿಷ್ ಟ್ಯೂಷನ್ನಿನಲ್ಲಿ ಅವತ್ತು ಆರೋಪದ ಮಾತಿನಲ್ಲಿ ಜೋಡಿಯಾಗಿ ಬರುವ ಪದಗಳ ಪಾಠ. ‘ಅಲಿಗೇಶನ್’ ಹೊರಟರೆ ಮುಂದೆ ‘ಬೇಸ್‌ಲೆಸ್’ ನಡೆಯುತ್ತದೆ. ‘ಡಿನೈ’ ಒಂಟಿಯಾಗಿ ಮನೆ ಬಿಡುವುದೇ ಇಲ್ಲ, ‘ಸ್ಟ್ರಾಂಗ್ಲಿ’ ಜೊತೆಗಿರಬೇಕು. ಎಂಥ ಶಿಸ್ತು! ಇವನ್ನೆಲ್ಲ ಬಳಸಲು ನನಗೊಂದು ಆರೋಪ ಬೇಕಾಗಿತ್ತು. ಮನೆಗೆ ಬಂದರೆ ಸಿದ್ಧವಾಗಿತ್ತು.

ಪಕ್ಕದ ಮನೆಯ ನಸೀಮಾ ಆಪಾ ಓಣಿಗೆಲ್ಲ ಬ್ಲೌಸ್ ಹೊಲಿದುಕೊಡುವವರು. ಅವರ ಹಾಲನ್ನು ನಮ್ಮ ಬೆಕ್ಕು ಕುಡಿದಿರಬೇಕೆಂದು ಗೋಡೆಯಾಚೆಯಿಂದ ನನ್ನ ಹೆಂಡತಿ ಸುವರ್ಣಾಗೆ ಹೇಳಿದ್ದರಂತೆ. ಅವಳು ನಕ್ಕು ಸುಮ್ಮನಾಗಿದ್ದಳು. ನನ್ನಿಂದ ಸುಮ್ಮನಿರಲು ಆಗಲಿಲ್ಲ. ಈ ಬೇಸ್‌ಲೆಸ್ ಅಲಿಗೇಶನ್ನನ್ನು ನಮ್ಮ ಕುಟುಂಬ ಸ್ಟ್ರಾಂಗ್ಲಿ ಡಿನೈ ಮಾಡುತ್ತದೆ, ಆರೋಪ ಹೊರಿಸಿದವರು ಎವಿಡೆನ್ಸ್ ಪ್ರೊಡ್ಯೂಸ್ ಮಾಡಲಿ ಎಂದು ಓಣಿಯ ವಾಟ್ಸಾಪ್ ಗುಂಪಿನಲ್ಲಿ ಹತ್ತು ಸಾಲು ಇಂಗ್ಲಿಷ್ ಬರೆದೆ. ಓದಿ ನೋಡಿದೆ. ಕಣ್ಣು ತುಂಬಿ ಬಂತು!

ಓಣಿಗೆ ಓಣಿಯೇ ಗಾಬರಿಯಾಯಿತು. ಒಬ್ಬರು ಜಾಮೀನಿಗೆ ಯಾರಾದರೂ ಬೇಕೇ ಎಂದು ವಿಚಾರಿಸಿದರು. ಇನ್ನೊಬ್ಬರು ಬೀದರಿನಲ್ಲಿ ಗೊತ್ತಿರುವ ವಕೀಲರಿದ್ದಾರೆಂದು ಧೈರ್ಯ ಹೇಳಿದರು. ಸಂಜೆಯ ಹೊತ್ತಿಗೆ, ಸುವರ್ಣಾ ಹೊಲಿಯಲು ಕೊಟ್ಟಿದ್ದ ರೇಷ್ಮೆ ಬ್ಲೌಸು ಬರೀ ತುಂಡುಗಳಾಗಿ ನಮ್ಮ ಕಟ್ಟೆಯ ಮೇಲೆ ಬಂದು ಬಿದ್ದಿತ್ತು. ಮರುದಿನ ಬೆಳಿಗ್ಗೆ ಔರಾದಿನಲ್ಲಿ ಅವಳ ತಂಗಿಯ ನಿಶ್ಚಿತಾರ್ಥ!

“ಇವುಕ್ಕ ಪಿನ್ ಹಚ್ಕೊಂಡು ಹೋಗ್ಲೇನ್ರಿ?” ಎಂದಳು. ನಾನು ತುಂಡುಗಳನ್ನೆಲ್ಲ ಆಯ್ದು ಚೀಲಕ್ಕೆ ತುಂಬಿದೆ.

ಇಬ್ಬರೂ ನಸೀಮಾ ಆಪಾ ಮನೆಗೆ ಹೋದೆವು. ಕೇಸು ಹಾಕಿದವರ ಸಾಮಾನು ತಮ್ಮ ಮನೆಯಲ್ಲಿರಬಾರದೆಂದು ವಾಪಸ್ ಕಳಿಸಿದ್ದಾಗಿ ಅವರು ಮುಖ ಕೊಡದೆ ಹೇಳಿದರು. ಕೇಸೇನೂ ಇಲ್ಲ, ಅದು ಬರೀ ಭಾಷೆಯ ಸೊಗಸು ಎಂದು ನಾನು ವಿವರಿಸತೊಡಗಿದೆ. ಅಷ್ಟರಲ್ಲಿ ನಮ್ಮ ಬೆಕ್ಕು ಕಿಟಕಿಯಿಂದ ಇಳಿದು, ನೆಟ್ಟಗೆ ಅಡುಗೆಮನೆಗೆ ಹೋಗಿ, ಮೂತಿಯಿಂದ ಹಾಲಿನ ಪಾತ್ರೆಯ ಮುಚ್ಚಳ ಸರಿಸಿತು. ಎವಿಡೆನ್ಸ್ ತಾನಾಗಿಯೇ ಪ್ರೊಡ್ಯೂಸ್ ಆಯಿತು!

“ಆಪಾ, ಬೆಕ್ಕು ನಮ್ದೇ. ತಪ್ಪೂ ನಮ್ದೇ,” ಎಂದಳು ಸುವರ್ಣಾ.

ಹತ್ತು ಸಾಲಿನಲ್ಲಿ ನಾನು ಕೆಡಿಸಿದ್ದನ್ನು ಅವಳು ಒಂದೇ ಉಸಿರಿನಲ್ಲಿ ಸರಿಮಾಡಿದಳು. ಮೆಚ್ಚಿದೆ, ನಿಜವಾಗಿಯೂ ಮೆಚ್ಚಿದೆ. ಆಪಾ ನಕ್ಕು ತುಂಡುಗಳನ್ನು ಈಸಿಕೊಂಡರು, ಮಷಿನ್ ಮುಂದೆ ಕುಳಿತು ದಾರ ಪೋಣಿಸಿದರು.

“ಮಾಸ್ತರ್ ಇಂಗ್ಲಿಷ್ ಭಾಳ ಭಾರಿ ಅದ ನೋಡ್ರಿ,” ಎಂದರು. “ಆದ್ರ ವಕಾಲತ್ತು ಮಾಡೂಕಿಂತ ಮೊದ್ಲ ಬೆಕ್ಕಿಗಿ ಒಂದ್ ಮಾತು ಕೇಳಬೇಕಿತ್ರಿ.”

ಅವರಿಗೆ ಹಾಲು ತಂದುಕೊಡಲು ನಾನು ಚೀಲ ಹಿಡಿದು ಹೊರಟೆ. ಬೆಕ್ಕು ಆಪಾ ಕಾಲ ಬಳಿ ಮೂತಿ ಒರೆಸಿಕೊಳ್ಳುತ್ತ ಕುಳಿತಿತ್ತು. ತನ್ನ ವಕೀಲನ ಕಡೆ ತಿರುಗಿಯೂ ನೋಡಲಿಲ್ಲ!