ನಾನು ನೋಡಿದರೆ ಬೀಳುವ ವಿಕೆಟ್ಟು

ಎಲ್ಲರ ಮನೆಯಲ್ಲೂ ಕ್ರಿಕೆಟ್ ಮ್ಯಾಚು ನಡೆಯುವುದು ಎರಡು ದೇಶಗಳ ನಡುವೆ. ನಮ್ಮ ಮನೆಯಲ್ಲಿ ಮಾತ್ರ ಅದು ನನಗೂ ನನ್ನ ಷಡ್ಡಕನಿಗೂ ನಡುವೆ ನಡೆಯುತ್ತದೆ, ಸೋಲುವವನು ಪ್ರತಿಸಲವೂ ನಾನೇ.

ನಾನು ಮಧುಗಿರಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವವನು. ಬೋರ್‌ವೆಲ್ ಮೋಟಾರು ಸುಟ್ಟುಹೋದರೆ ಸುತ್ತಲ ಹಳ್ಳಿಯವರು ನನ್ನ ಹತ್ತಿರ ಹೊತ್ತು ತರುತ್ತಾರೆ. ಅದು ಹೊಟ್ಟೆಪಾಡು. ಜೀವ ಇರುವುದು ಕ್ರಿಕೆಟ್ಟಿನಲ್ಲಿ. ರೇಡಿಯೋ ಕಿವಿಗೆ ಒತ್ತಿಕೊಂಡು ಕಾಮೆಂಟರಿ ಕೇಳುತ್ತಿದ್ದ ಕಾಲದಿಂದ ಐವತ್ತು ದಾಟಿದ ಈ ವಯಸ್ಸಿನವರೆಗೆ ನಮ್ಮವರು ಸೋತಾಗಲೆಲ್ಲ ಊಟ ಬಿಟ್ಟಿದ್ದೇನೆ.

ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಶಿರಾದಲ್ಲಿ ಕಡಲೆಕಾಯಿ ಮಂಡಿ ಇದೆ. ಕ್ರಿಕೆಟ್ಟಿನ ಗಂಧಗಾಳಿ ಇಲ್ಲ. ಎಲ್‌ಬಿಡಬ್ಲ್ಯು ಎಂದರೆ ಪಂಚಾಯ್ತಿಯ ಯಾವುದೋ ಸ್ಕೀಮು ಅಂದುಕೊಂಡಿದ್ದ ಮನುಷ್ಯ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಸುತ್ತಿಬಳಸದೆ ಹೇಳಿಬಿಡುತ್ತೇನೆ. ಅವರ ಮಂಡಿಯ ಮೇಲಲ್ಲ, ಕಾರಿನ ಮೇಲಲ್ಲ. ನನಗೆ ಬೇಕಾಗಿದ್ದದ್ದು ಈ ಲೋಕದಲ್ಲಿ ಒಂದೇ ಒಂದು: ಟಿವಿ ಎದುರಿನ ನನ್ನ ಬೆತ್ತದ ಕುರ್ಚಿಯಲ್ಲಿ ಕೂತು ಒಂದು ಮ್ಯಾಚನ್ನು ಪೂರ್ತಿ ನೋಡುವುದು. ಅದನ್ನೂ ಅವರೇ ಕಿತ್ತುಕೊಂಡರು.

೧. ಟೆಸ್ಟಿಂಗು

ಅವತ್ತು ಷಡ್ಡಕ ಮಗಳ ಲಗ್ನಪತ್ರಿಕೆ ಕೊಡಲು ಬಂದಿದ್ದರು. ಟಿವಿಯಲ್ಲಿ ನಮ್ಮವರ ಬ್ಯಾಟಿಂಗು, ಪರಿಸ್ಥಿತಿ ಅಷ್ಟೇನೂ ಚೆನ್ನಾಗಿರಲಿಲ್ಲ. ಹಿರಿಯರು ಬಂದಾಗ ಎದ್ದು ಕುರ್ಚಿ ಕೊಡಬೇಕಲ್ಲ, ಕೊಟ್ಟೆ. ಅವರು ಬಲಗಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಂಡರು, ಜೇಬಿನಿಂದ ಹುರಿದ ಕಡಲೆಕಾಯಿ ತೆಗೆದರು, "ಇದ್ರಾಗೆ ನಮ್ಮೋರು ಯಾರಪ್ಪಾ?" ಎಂದರು.

"ಬ್ಯಾಟು ಹಿಡ್ಕಂಡಿರೋರು ಅಣ್ಣ" ಎನ್ನುವಷ್ಟರಲ್ಲಿ ಸಿಕ್ಸರ್ ಹೋಯಿತು. ಅದರ ಹಿಂದೆಯೇ ಇನ್ನೊಂದು. ನಾನು ಕಾಫಿ ತರಲು ಅಡುಗೆಮನೆಗೆ ಹೋಗಿದ್ದಾಗ ಮತ್ತೊಂದು. ಲೋಟ ಹಿಡಿದು ಬಾಗಿಲಿಗೆ ಬಂದೆ ನೋಡಿ, ಔಟು.

ಪಕ್ಕದ ಮನೆಯ ರಿಟೈರ್ಡ್ ಪಿಟಿ ಮೇಷ್ಟ್ರು ಮ್ಯಾಚು ನೋಡುವುದು ನಮ್ಮ ಮನೆಯಲ್ಲೇ. ಅವರು ಟಿವಿ ಬಿಟ್ಟು ನನ್ನನ್ನು ನೋಡಿದರು. "ಒಸಿ ಹೊರಕ್ಕೋಗಿ ಸಾಮಿ, ನೋಡಾನ" ಎಂದರು.

ಹೋಗಿ ಜಗಲಿಯ ಮೇಲೆ ನಿಂತೆ. ಒಳಗೆ ಚಪ್ಪಾಳೆ ಬಿತ್ತು. "ಈಗ ಬನ್ನಿ" ಎಂದರು. ಬಂದೆ. ಔಟು. ಮತ್ತೆ ಕಳಿಸಿದರು, ಫೋರು. ಮತ್ತೆ ಕರೆದರು, ರನ್ ಔಟು. ಅಂಗಡಿಯಲ್ಲಿ ಕೆಟ್ಟ ವೈರು ಯಾವುದೆಂದು ನಾನು ಕಂಡುಹಿಡಿಯುವುದೂ ಹೀಗೇ, ಒಂದೊಂದೇ ಕಿತ್ತು ಮತ್ತೆ ಸಿಕ್ಕಿಸಿ. ಹಾಗಾಗಿ ವಿಧಾನ ತಪ್ಪು ಅನ್ನುವ ಹಾಗೂ ಇರಲಿಲ್ಲ.

ಆದರೂ ಆಸೆ ಬಿಡಲಿಲ್ಲ. "ಇನ್ನೊಂದೇ ಒಂದು ಸಲ ಟೆಸ್ಟ್ ಮಾಡಾನ ಮೇಷ್ಟ್ರೇ" ಎಂದೆ.

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಅಡ್ಡ ನಿಂತಳು. "ಬ್ಯಾಡ ಕಣ್ರೀ, ಉಳ್ದಿರೋ ವಿಕೆಟ್ಟೇ ಮೂರು."

೨. ಹೋಳಿಗೆ

ಷಡ್ಡಕನ ಮಗಳ ಮದುವೆ ಕೊರಟಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ಅವತ್ತೂ ಮ್ಯಾಚು. ಬೇರೆ ದೇಶದಲ್ಲಿ ಆಡುತ್ತಿದ್ದರಿಂದ ನಮಗೆ ಬೆಳಿಗ್ಗೆಯೇ ಶುರುವಾಗಿತ್ತು. ಗಂಡಿನ ಕಡೆಯ ಯುವಕರು ಮಂಟಪದ ಮೂಲೆಯಲ್ಲಿ ಒಂದು ಫೋನನ್ನು ಗೋಡೆಗೆ ಒರಗಿಸಿ ಸುತ್ತ ಕೂತಿದ್ದರು. ನಾನೂ ಅತ್ತ ಹೆಜ್ಜೆ ಹಾಕಿದೆ.

ನನ್ನ ಖ್ಯಾತಿ ನನಗಿಂತ ಮುಂಚೆ ಅಲ್ಲಿಗೆ ತಲುಪಿದೆ ಎಂದು ಗೊತ್ತಾದದ್ದು ಆಗ. ಒಬ್ಬ ಎದ್ದು ಬಂದು ಬಹಳ ವಿನಯದಿಂದ ನನ್ನ ಹೆಗಲ ಮೇಲೆ ಕೈಹಾಕಿದ. "ಮಧುಗಿರಿ ಚಿಕ್ಕಪ್ಪನೋರಲ್ವಾ? ಊಟ ಆಯ್ತಾ? ಮೊದ್ಲು ಊಟ ಮಾಡಿ ಬನ್ನಿ" ಎಂದು ಊಟದ ಹಾಲಿಗೆ ಕರೆದುಕೊಂಡು ಹೋಗಿ ಗೋಡೆಗೆ ಮುಖ ಮಾಡಿದ ಎಲೆಯ ಮುಂದೆ ಕೂರಿಸಿದ.

ಅತ್ತ ತಾಳಿ ಕಟ್ಟಿದ ಮೇಲಿನ ಶಾಸ್ತ್ರ ಮುಗಿದದ್ದೇ ತಡ, ಹುಡುಗಿಯ ಅಪ್ಪನನ್ನು ಮಂಟಪದಿಂದ ಇಳಿಸಿ ಫೋನಿನ ಮುಂದೆ ಕೂರಿಸಿದರು. ಅವರು ಕಾಲು ಮಡಚಿ ಕೂತರೆ ಸಿಕ್ಸರ್ ಹೋಗುತ್ತದೆ ಎಂಬ ಸುದ್ದಿಯೂ ಹಬ್ಬಿತ್ತು, ರೇಷ್ಮೆ ಪಂಚೆಯಲ್ಲೇ ಕಾಲು ಮಡಚಿಸಿದರು. ಹೆಣ್ಣು ಕೊಟ್ಟ ಮಾವನಿಗೆ ಬೀಗರು ಮರ್ಯಾದೆ ಮಾಡುವುದು ಇದ್ದದ್ದೇ, ಆದರೆ ಫ್ಯಾನು ತಿರುಗಿಸಿ ಅವರ ಕಡೆಗೇ ಗಾಳಿ ಬಿಟ್ಟಿದ್ದನ್ನು ನಾನು ಎಲೆಯ ಮುಂದಿನಿಂದಲೇ ಕತ್ತು ಹೊರಳಿಸಿ ತೆರೆದ ಬಾಗಿಲಲ್ಲಿ ನೋಡಿದೆ. ಹೊಟ್ಟೆ ಉರಿಯಿತು. ಆ ಉರಿಯ ಮೇಲೆಯೇ ಎರಡು ಹೋಳಿಗೆ ಇಳಿಸಿದೆ.

ಸಾಕಾಗಿ ಕೈ ತೊಳೆಯಲು ಏಳಹೋದರೆ ಬಡಿಸುವವನು ಬಿಡಲೊಲ್ಲ. ಮತ್ತೆ ಹೋಳಿಗೆ, ಮತ್ತೆ ತುಪ್ಪ, ಅದರ ಮೇಲೆ ಹಾಲು. "ಅಯ್ಯಾ, ಹೊಟ್ಟೇಲಿ ಜಾಗ ಇಲ್ಲ" ಎಂದು ಕೈ ಅಡ್ಡ ಹಿಡಿದೆ.

ಅವನು ನನ್ನ ಕಿವಿಯ ಹತ್ತಿರ ಬಗ್ಗಿದ. "ಇನ್ನೆರಡು ಓವರ್ ಐತೆ ಸಾಮಿ, ಇನ್ನೆರಡು ಹಾಕಿಸ್ಕಳಿ."

೩. ಟಗರು

ದೊಡ್ಡೇರಿ ಕಡೆ ಹಳ್ಳಿಯ ಹುಡುಗರು ವರ್ಷಕ್ಕೊಮ್ಮೆ ಟೆನಿಸ್ ಬಾಲ್ ಟೂರ್ನಮೆಂಟ್ ಮಾಡುತ್ತಾರೆ. ಗೆದ್ದ ತಂಡಕ್ಕೆ ಬಹುಮಾನ ಕಪ್ಪಲ್ಲ, ಟಗರು. ಕಪ್ಪನ್ನು ಯಾರೂ ಬೇಯಿಸಿ ತಿನ್ನುವ ಹಾಗಿಲ್ಲವಲ್ಲ. ಅಲ್ಲಿ ಎಷ್ಟೋ ವರ್ಷದಿಂದ ಅಂಪೈರು ನಾನೇ. ಬಿಳಿ ಟೋಪಿ ಹಾಕಿಕೊಂಡು ಬಿಸಿಲಲ್ಲಿ ನಿಲ್ಲುವ ಆ ಒಂದು ದಿನಕ್ಕೆ ನಾನು ವರ್ಷವೆಲ್ಲ ಕಾಯುತ್ತೇನೆ.

ಈ ಸಲ ಹೋದರೆ ಶಾಮಿಯಾನದ ಕೆಳಗೆ ಮುಖ್ಯ ಅತಿಥಿಯ ಕುರ್ಚಿಯಲ್ಲಿ ಷಡ್ಡಕ. ಟಗರು ಕೊಟ್ಟ ದಾನಿ ಅವರೇ, ಶಿರಾದ ಸಂತೆಯಲ್ಲಿ ಆರಿಸಿ ತಂದದ್ದಂತೆ. ಕೊಂಬಿಗೆ ಅರಿಶಿನ ಬಳಿದಿತ್ತು, ಕೊರಳಲ್ಲಿ ಗೆಜ್ಜೆ ಇತ್ತು. ಆ ಹಳ್ಳಿಯ ತಂಡದ ಕ್ಯಾಪ್ಟನ್ನು ತಲೆ ಕೆರೆದುಕೊಳ್ಳುತ್ತ ನನ್ನ ಹತ್ತಿರ ಬಂದ. "ಸಾರ್, ಈ ಸಲ ಅಂಪೈರಿಂಗು ಬ್ಯಾರೇರಿಗೆ ಕೊಟ್ಟಿವ್ನಿ. ಬೇಜಾರ್ ಮಾಡ್ಕಬ್ಯಾಡಿ, ನಮ್ ಬ್ಯಾಟಿಂಗು ಮೊದ್ಲೇ ವೀಕು. ನೀವು ಆ ಕಡೀಕ್ ತಿರುಕ್ಕಂಡು ಈ ಟಗರು ಹಿಡ್ಕಂಡಿರಿ."

ಹಿಡಿದುಕೊಂಡೆ. ಉದ್ಘಾಟನೆಗೆ ಮುಖ್ಯ ಅತಿಥಿ ಒಂದು ಬಾಲು ಹೊಡೆಯಬೇಕಿತ್ತು. ಷಡ್ಡಕ ಪಂಚೆ ಎತ್ತಿ ಕಟ್ಟಿ, ಬ್ಯಾಟನ್ನು ಒನಕೆಯ ಹಾಗೆ ಹಿಡಿದು, ಕಣ್ಣು ಮುಚ್ಚಿಕೊಂಡು ಬೀಸಿದರು. ಬಾಲು ಜಾಲಿ ಮರ ದಾಟಿ ಹೋಯಿತು. ಮೂವತ್ತು ವರ್ಷ ಟೆನಿಸ್ ಬಾಲ್ ಆಡಿದ ನಾನು ಆ ಜಾಲಿ ಮರವನ್ನು ಒಂದು ಸಲವೂ ದಾಟಿಸಿಲ್ಲ. ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಅಷ್ಟರಲ್ಲಿ ಯಾರೋ ಪಟಾಕಿ ಸರ ಹಚ್ಚಿದರು.

ಟಗರು ಜಿಗಿಯಿತು. ಹಗ್ಗ ನನ್ನ ಮುಂಗೈಗೆ ಸುತ್ತಿತ್ತು. ಪಿಚ್ಚಿನ ಈ ತುದಿಯಿಂದ ಆ ತುದಿಗೆ ಅದು ಎಳೆದುಕೊಂಡು ಹೋಯಿತು. ಅಲ್ಲಿ ಇನ್ನೊಂದು ಪಟಾಕಿ ಕೇಳಿ ಈ ತುದಿಗೆ ವಾಪಸ್ ಬಂತು. ಟೋಪಿ ಒಂದು ಕಡೆ, ಚಪ್ಪಲಿ ಒಂದು ಕಡೆ. ಷಡ್ಡಕ ಬ್ಯಾಟು ಊರಿಕೊಂಡು, "ಹುಷಾರು ಕಣಪ್ಪಾ, ಟಗರಿಗೇನೂ ಆಗಬಾರ್ದು" ಎಂದರು.

ಮೈಕು ಹಿಡಿದವನು ಆವೇಶದಲ್ಲಿದ್ದ. "ಮುಖ್ಯ ಅತಿಥಿಗಳು ಹೊಡ್ದು ನಿಂತವ್ರೆ, ಅವರ ಪರವಾಗಿ ಮೋಟಾರ್ ಅಂಗ್ಡಿ ಯಜಮಾನ್ರು ಓಡ್ತಾವ್ರೆ. ಒಂದು ರನ್ನು ಆಯ್ತು, ಎರಡನೇದಕ್ಕೂ ಬಂದ್ಬುಟ್ರು."

೪. ಕಾಲು ಮಡಚುವ ವಿದ್ಯೆ

ಇಷ್ಟಾದ ಮೇಲೆ ನಾನೊಂದು ತೀರ್ಮಾನಕ್ಕೆ ಬಂದೆ. ಅದೃಷ್ಟ ಇರುವುದು ಷಡ್ಡಕನಲ್ಲಲ್ಲ, ಆ ಮಡಚಿದ ಕಾಲಿನಲ್ಲಿ. ಕಾಲು ನನಗೂ ಇದೆಯಲ್ಲ. ಮುಂದಿನ ಮ್ಯಾಚಿನ ದಿನ ಅಂಗಡಿ ಮುಚ್ಚಿ ಶಿರಾದ ಬಸ್ಸು ಹತ್ತಿದೆ.

ಅವರ ಮನೆಯಲ್ಲಿ ಪಕ್ಕದ ಬೀದಿಯ ಟೈಲರ್ ಭಾಯ್ ಕೂಡ ಮ್ಯಾಚಿಗೆ ಬಂದಿದ್ದರು. ನನ್ನನ್ನು ಕಂಡು ಅವರ ಮುಖ ಇಳಿಯಿತು, ಆದರೆ ಮನೆಗೆ ಬಂದ ನೆಂಟನನ್ನು ಓಡಿಸಲಾಗದು. ನಾನು ಷಡ್ಡಕನ ಪಕ್ಕದಲ್ಲೇ ಕೂತು ಅವರಂತೆಯೇ ಬಲಗಾಲು ಮಡಚಿದೆ, ಅವರಂತೆಯೇ ಕಡಲೆಕಾಯಿ ಸುಲಿದೆ. ಅವರು ಕೆಮ್ಮಿದರೆ ನಾನೂ ಕೆಮ್ಮಿದೆ.

ವಿಕೆಟ್ ಬೀಳಲಿಲ್ಲ. ಒಂದು ಓವರ್ ಹೋಯಿತು, ಐದು ಹೋಯಿತು, ಬೀಳಲಿಲ್ಲ. ನನಗೆ ಆನಂದದಿಂದ ಕಣ್ಣು ತುಂಬಿ ಬಂತು. "ಭಾಯ್ ಸಾಬ್, ಬೈಠೇ ರಹೋ, ಹಿಲೋ ಮತ್" ಎಂದರು ಟೈಲರು. ಅಲುಗಾಡಬೇಡಿ ಎಂದು ನನಗೊಬ್ಬರು ಹೇಳಿದ್ದು ಅದೇ ಮೊದಲು. ಅವರು ಹೇಳಿದ ಹಾಗೆಯೇ ಕೂತೆ. ಸೊಂಟದ ಕೆಳಗೆ ಬಲಗಾಲು ಇದೆಯೋ ಇಲ್ಲವೋ ಗೊತ್ತಾಗದ ಹಾಗೆ ಜೋಮು ಹಿಡಿಯಿತು. ಷಡ್ಡಕ ಹುಟ್ಟಿದಾಗಿನಿಂದ ಮಂಡಿಯ ಗಾದಿಯ ಮೇಲೆ ಹಾಗೆಯೇ ಕೂತವರು, ಆರಾಮಾಗಿದ್ದರು.

ಕೊನೆಯ ಓವರಿಗೆ ಬೇಕಾಗಿದ್ದದ್ದು ನಾಲ್ಕು ರನ್ನು. ನಮ್ಮವನು ಬ್ಯಾಟು ಬೀಸಿದ, ಬಾಲು ಮೇಲಕ್ಕೆದ್ದಿತು. ನಾನೂ ಸಂಭ್ರಮದಿಂದ ಮೇಲಕ್ಕೆದ್ದೆ. ಕಾಲು ಏಳಲಿಲ್ಲ. ಹೋಗಿ ಸ್ಟೆಬಿಲೈಸರ್ ಮೇಲೆ ಬಿದ್ದೆ. ಟಪ್ ಎಂದಿತು, ಟಿವಿ ಕಪ್ಪಾಯಿತು. ಮೋಟಾರು ರಿಪೇರಿ ಮಾಡುವವನು ನಾನೇ ಆದರೂ ಆ ಹೊತ್ತಿನಲ್ಲಿ ಯಾರೂ ನನ್ನನ್ನು ಅದರ ಹತ್ತಿರ ಬಿಡಲಿಲ್ಲ.

ಟೈಲರ್ ಭಾಯ್ ಷಡ್ಡಕನ ಕಡೆ ತಿರುಗಿದರು. "ದೇಖಾ ಭಾಯ್? ವಿಕೆಟ್ ಬೀಳ್ಳಿಲ್ಲ ಅಂತ ಅವರೇ ಬಿದ್ಬುಟ್ರು."

೫. ಗಡೀಪಾರು

ಆಮೇಲೆ ಫೈನಲ್ ಬಂತು. ಕೂತು ಮಾತಾಡಿ ತೀರ್ಮಾನ ಮಾಡಿದವರು ನನ್ನ ಹೆಂಡತಿ ಮತ್ತು ಪಿಟಿ ಮೇಷ್ಟ್ರು. ಷಡ್ಡಕನನ್ನು ಶಿರಾದಿಂದ ಕರೆಸುವುದು, ನನ್ನನ್ನು ಪಾವಗಡಕ್ಕೆ ಕಳಿಸುವುದು. "ಶನಿದೇವ್ರಿಗೆ ಎಳ್ಳುಬತ್ತಿ ಹಚ್ಚಿ ಬನ್ನಿ, ಗ್ರಹಚಾರನಾದ್ರೂ ಕಳೀತದೆ" ಎಂದಳು ಹೆಂಡತಿ. ಬುತ್ತಿ ಕಟ್ಟಿ ಕೊಟ್ಟಳು. ನಾನು ಹೊಸ್ತಿಲು ದಾಟುವಾಗ ಷಡ್ಡಕ ಆಗಲೇ ನನ್ನ ಬೆತ್ತದ ಕುರ್ಚಿಯ ಧೂಳು ಕೊಡವುತ್ತಿದ್ದರು. ನನ್ನ ಮನೆ, ನನ್ನ ಟಿವಿ, ನನ್ನ ಕುರ್ಚಿ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಒಂದಿಷ್ಟು ಅತ್ತೆ ಕೂಡ.

ಎಳ್ಳುಬತ್ತಿ ಹಚ್ಚಿ, ಪ್ರದಕ್ಷಿಣೆ ಹಾಕಿ ಬಸ್‌ಸ್ಟ್ಯಾಂಡಿಗೆ ಬಂದರೆ ಎದುರಿನ ಟೀ ಹೋಟೆಲಿನಲ್ಲಿ ದೊಡ್ಡ ಟಿವಿ, ತುಂಬ ಜನ. ಕಾಲು ತಾನಾಗಿಯೇ ಅತ್ತ ಹೋಯಿತು. ಹೋಟೆಲಿನವನು ಬೆಂಚು ತೋರಿಸುತ್ತ, ಅರ್ಧ ತೆಲುಗಿನಲ್ಲಿ, "ರಾಂಡಿ ಸಾರ್, ಕೂಚೋಂಡಿ. ಏ ಊರು ನಿಮ್ದು?" ಎಂದ.

ಮಧುಗಿರಿ ಎಂದರೆ ಗುರುತು ಸಿಕ್ಕೀತು ಎಂದು "ಹಿಂದೂಪುರ" ಎಂದುಬಿಟ್ಟೆ.

ಬೆಂಚಿನ ತುದಿಯಲ್ಲಿ ಅರ್ಧ ಕೂತು, ಒಂದೇ ಒಂದು ಬಾಲು ನೋಡಿ ಎದ್ದು ಹೋಗುತ್ತೇನೆ ಎಂದುಕೊಂಡೆ. ಫೋರು ಹೋಯಿತು. ಕಣ್ಣುಜ್ಜಿಕೊಂಡು ಇನ್ನೊಂದು ನೋಡಿದೆ. ಸಿಕ್ಸರ್. ದೇಶದ ಒಳ್ಳೆಯದಕ್ಕಾಗಿ ಇಷ್ಟೇ ಸಾಕು ಎಂದು ಏಳಹೋದೆ. ಹೋಟೆಲಿನವನು ಓಡಿಬಂದು ಎರಡೂ ಹೆಗಲು ಹಿಡಿದು ಕೂರಿಸಿದ. "ಅಯ್ಯೋ, ಕದಲ್ಬ್ಯಾಡಿ ಸಾರ್. ಹಿಂದೂಪುರಂ ಸಾರು ಒಚ್ಚಿನಾರು, ಬಂದ್ಮೇಲೆ ನಮ್ಮೋರ ಆಟ ತಿರುಗೈತೆ. ಲೇ, ಸಾರ್ಗೆ ಇನ್ನೊಂದು ಟೀ ಕೊಡ್ರೋ."

ಕೊನೆಯ ಬಾಲಿನವರೆಗೂ ಕೂತೆ. ಕಾಲು ಮಡಚದೆ, ಯಾರಿಗೂ ಹೆದರದೆ, ಕಣ್ಣು ಬಿಟ್ಟುಕೊಂಡು ಕೂತೆ. ಗೆದ್ದೆವು. ಗುರುತು ಪರಿಚಯ ಇಲ್ಲದವರು ನನ್ನನ್ನು ತಬ್ಬಿಕೊಂಡರು. ನನಗೆ ಆಗ ಆದ ಸಂತೋಷಕ್ಕಿಂತ ಷಡ್ಡಕನ ಮುಖ ಈಗ ಹೇಗಾಗುತ್ತದೆ ಎಂದು ನೆನೆದು ಆದ ಸಂತೋಷ ದೊಡ್ಡದು. ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದೆ. ಆ ಕಡೆ ಪಟಾಕಿ, ಕೂಗಾಟ.

"ನೋಡಿದ್ಯಾ? ಪಾವಗಡದಾಗೆ ಕೂತ್ಕಂಡು ಕೊನೇ ಬಾಲ್‌ಗಂಟ ಪೂರ್ತಿ ನೋಡಿವ್ನಿ. ನಾನು ನೋಡಿದ್ರೂ ಗೆದ್ದವ್ರೆ. ಹೇಳು ಈಗ, ನನ್ನ ದೆಸೆಯಿಂದ ವಿಕೆಟ್ ಬೀಳ್ತದಾ?" ಎಂದೆ.

ಅವಳು ಫೋನನ್ನು ದೂರ ಹಿಡಿದು ಒಳಗಿನವರಿಗೆ ಏನೋ ಹೇಳಿದಳು. ಅಲ್ಲಿ ಕೂಗಾಟ ಇನ್ನೂ ಜೋರಾಯಿತು. ಮತ್ತೆ ಲೈನಿಗೆ ಬಂದಳು.

"ನೀವು ಪೂರ್ತಿ ನೋಡಿದ್ರೂ ಗೆದ್ರು ಅಂದ್ರೆ ನಮ್ ಭಾವನ ಕಾಲಿನ ಶಕ್ತಿ ಎಂಥದ್ದಿರ್ಬೇಕು ಯೋಚ್ನೆ ಮಾಡಿ. ಮೇಷ್ಟ್ರು ಶಾಲು ತರಕ್ಕೋದ್ರು, ಸನ್ಮಾನ ಮಾಡ್ತಾರಂತೆ. ನೀವು ಬರ್ತಾ ದೇವಸ್ಥಾನದ ಹತ್ರ ಒಂದು ಒಳ್ಳೆ ಹಾರ ತಗಂಬನ್ನಿ."