ಧ್ವನಿ ಡ್ಯೂಟಿಯಲ್ಲಿದೆ, ಯಜಮಾನರು ಮನೆಯಲ್ಲಿದ್ದಾರೆ

ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ಮೈಕಿನ ಮುಂದೆ ಕುಳಿತು ಬಸ್ಸುಗಳ ಆಗಮನ ನಿರ್ಗಮನಗಳನ್ನು ಸಾರಿದ ಘೋಷಕರಿಗೆ ಒಂದು ದಿನ ಮ್ಯಾನೇಜರು ತಾವೇ ಚಹಾ ತರಿಸಿಕೊಟ್ಟರು. (ಆಗಲೇ ಅನುಮಾನ ಬರಬೇಕಿತ್ತು.) "ನಿಮ್ಮ ಕಂಠ ಚಿರಾಯು ಆಗ್ಬೇಕು ಸಾರ್" ಎಂದು ಹೊಗಳಿ, ಗಾಜಿನ ಕೋಣೆಯಲ್ಲಿ ಮೂರು ದಿನ ಕೂರಿಸಿ, ಊರುಗಳ ಹೆಸರು, ಅಂಕಿಗಳು, "ದಯವಿಟ್ಟು ಗಮನಿಸಿ" ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡರು. ಘೋಷಕರು ಉಬ್ಬಿಹೋದರು. ನಾಲ್ಕನೆಯ ದಿನ ಕೈಕುಲುಕಿ ಮನೆಗೆ ಕಳಿಸಿದರು. ಧ್ವನಿ ಮಾತ್ರ ಕೆಲಸದಲ್ಲೇ ಉಳಿಯಿತು.

ಮನೆಯಲ್ಲಿ ಅವರಿಗೆ ಕೂತರೆ ನಿಲ್ಲುವ, ನಿಂತರೆ ಕೂರುವ ಚಡಪಡಿಕೆ. ಬಚ್ಚಲಿನ ಬಾಗಿಲು ಕಿರ್ರೆಂದರೆ ಸಾಕು, "ಸ್ನಾನಕ್ಕೆ ಹೊರಡುವವರು ಕೂಡಲೇ ಹೊರಡತಕ್ಕದ್ದು!" ಎಂದು ಗುಡುಗುವರು. ಹೊಲಿಗೆ ಅಂಗಡಿಯ ಕೆಲಸಕ್ಕೆ ದಿನಾ ಅದೇ ನಿಲ್ದಾಣದಲ್ಲಿ ಬಸ್ ಹತ್ತುವ ಹೆಂಡತಿಗೆ ತಲೆ ಚಿಟ್ಟು ಹಿಡಿಯಿತು.

"ರೀ, ಅಲ್ಲಿ ನಿಮ್ಮ ದನಿ ಎಷ್ಟು ಮರ್ಯಾದೆಯಾಗಿದೆ ಗೊತ್ತಾ? ಹೇಳೋದು ಹೇಳುತ್ತೆ, ಸುಮ್ಮನಾಗುತ್ತೆ."

"ಹಾಗಾದ್ರೆ ಅದನ್ನೇ ಕಟ್ಕೋಬೇಕಿತ್ತು!"

"ಆಗ ಅದು ಒಂಟಿಯಾಗಿ ಸಿಗಲಿಲ್ಲವಲ್ಲ."

ತಡೆಯಲಾರದೆ ಮರುದಿನ ಘೋಷಕರೂ ಅವಳ ಹಿಂದೆಯೇ ನಿಲ್ದಾಣಕ್ಕೆ ಹೊರಟರು. ಯಂತ್ರ ಅವರದೇ ಗಂಭೀರ ಕಂಠದಲ್ಲಿ, ಹನ್ನೆರಡನೇ ನಂಬರಿನ ಬಸ್ಸು ಮೂರನೇ ಪ್ಲಾಟ್‌ಫಾರಂನಿಂದ ಹೊರಡಲಿದೆ ಎಂದಿತು. ಬಸ್ಸು ನೋಡಿದರೆ ಕಂಬಗಳಾಚೆ ಐದನೆಯದರಲ್ಲಿ ನಿಂತು ಹೊಗೆ ಬಿಡುತ್ತಿದೆ!

ಘೋಷಕರು ಬೆಂಚು ಹತ್ತಿದರು. "ಐದು! ಐದನೇ ಪ್ಲಾಟ್‌ಫಾರಂ!"

"ಸುಮ್ಮನಿರಿ ಯಜಮಾನ್ರೇ, ಅನೌನ್ಸ್‌ಮೆಂಟ್ ಕೇಳ್ಬೇಕು," ಎಂದು ಒಬ್ಬ ಗದರಿದ. "ಮಿಮಿಕ್ರಿ ಪರವಾಗಿಲ್ಲ," ಎಂದ ಇನ್ನೊಬ್ಬ.

ಮೂರನೆಯದರ ಮುಂದೆ ನಿಂತ ಜನ ಕದಲಲಿಲ್ಲ, ಅವರ ನಡುವೆ ಹೆಂಡತಿಯೂ. ಬಸ್ಸು ಖಾಲಿಯಾಗಿಯೇ ಹೊರಟುಹೋಯಿತು.

"ನಾನು ಬಡ್ಕೊಳ್ಳಲಿಲ್ವೇನೇ?"

"ಮೂರು ಅಂದಿದ್ದೂ ನೀವೇ ಅಲ್ವೇನ್ರೀ!" ಎಂದು ಅವಳು ಕಣ್ಣು ಕೆಕ್ಕರಿಸಿದಳು.

ಅಷ್ಟರಲ್ಲಿ ಮ್ಯಾನೇಜರ ಕೋಣೆಯಿಂದ ಕರೆ ಬಂತು. "ನೋಡ್ದ್ಯಾ? ಕೆಲಸ ವಾಪಸ್!" ಎನ್ನುತ್ತಾ ಘೋಷಕರು ಅಂಗಿಯ ಗುಂಡಿ ಹಾಕಿಕೊಂಡು ಒಳಗೆ ಧಾವಿಸಿದರು.

"ನೀವಿಲ್ದೆ ಗತಿಯಿಲ್ಲ ಸಾರ್," ಎಂದು ಮ್ಯಾನೇಜರು ಮೈಕು ಮುಂದಿಟ್ಟು ಚೀಟಿಯೊಂದನ್ನು ಕೊಟ್ಟರು. "ಇದೊಂದು ವಾಕ್ಯ ಬೇಕಾಗಿತ್ತು."

ಚೀಟಿಯಲ್ಲಿ ಹೀಗಿತ್ತು: 'ಪ್ರಯಾಣಿಕರ ಗಮನಕ್ಕೆ. ಬೆಂಚಿನ ಮೇಲೆ ನಿಂತು ಕೂಗುವ ವ್ಯಕ್ತಿಯ ಮಾತಿಗೆ ಯಾರೂ ಕಿವಿಗೊಡಬಾರದು.'

ಘೋಷಕರು ಅದನ್ನು ಎರಡು ಸಲ ಓದಿಕೊಂಡರು. ಹರಿದೆಸೆಯಲು ಕೈಯನ್ನೂ ಎತ್ತಿದರು. ಆದರೆ ಮೈಕಿನ ಕೆಂಪು ದೀಪ ಹೊತ್ತಿಕೊಂಡಿತು, ಇಪ್ಪತ್ತೆರಡು ವರ್ಷ ಪಳಗಿದ ನಾಲಿಗೆ ಕೇಳಬೇಕಲ್ಲ! ಅಕ್ಷರ ತಪ್ಪದಂತೆ ಓದಿಯೇಬಿಟ್ಟಿತು.

"ಸಾಕು ಸಾರ್, ಚೆನ್ನಾಗಿ ಬಂತು."

"ಎಲ್ಲಿ ಚೆನ್ನಾಗಿ ಬಂತು?" ಎಂದು ಘೋಷಕರು ಮೈಕನ್ನು ಹತ್ತಿರಕ್ಕೆಳೆದುಕೊಂಡರು. "'ಯಾರೂ' ಅನ್ನೋದಕ್ಕೆ ಒತ್ತು ಸಾಲ್ಲಿಲ್ಲ. ಇನ್ನೊಂದ್ಸಲ ತಗೊಳ್ಳಿ."